ಯಳವತ್ತಿ ಬೇರು

ಸಾವಿತ್ರೆವ್ವನ ಹಿತ್ತಲದಲ್ಲಿದ್ದ ಶತಾವರಿಯನ್ನು ಲಕ್ಷ್ಮೇಶ್ವರದ ಆ ಓಣಿಯಲ್ಲಿ ಯಾರೂ ಶತಾವರಿ ಎಂದು ಕರೆಯುತ್ತಿರಲಿಲ್ಲ. ಯಳವತ್ತಿ ಬೇರು ಎನ್ನುತ್ತಿದ್ದರು. ಯಳವತ್ತಿ ಅವಳ ತವರೂರು. ಅಲ್ಲಿ ಅವಳ ಅವ್ವ, ಅವ್ವನ ಅತ್ತೆ, ಆ ಅತ್ತೆಯ ಅತ್ತೆ, ಹೀಗೆ ಹೆಂಗಸರ ಕೈಯಿಂದ ಕೈಗೆ ಬಂದ ಬಳ್ಳಿ ಅದು. ಕಪ್ಪತಗುಡ್ಡದಲ್ಲಿ ಕಿತ್ತು ಸಂತೆಗೆ ತಂದು ಮಾರುವ ಬೇರು ಕಿರುಬೆರಳಿಗಿಂತ ಸಣ್ಣದು, ಬರೀ ನಾರು, ನಾಲಿಗೆಗೆ ಕಹಿ. ಇದು ಹೆಬ್ಬೆರಳ ದಪ್ಪ ಬರುತ್ತಿತ್ತು. ಸಿಪ್ಪೆ ಸುಲಿದರೆ ಒಳಗೆ ಬೆಳ್ಳಗೆ, ಅಗಿದರೆ ಕಡೆಗೊಂದಿಷ್ಟು ಸಿಹಿ.

ಮದುವೆಯಾಗಿ ಬಂದ ಹೊಸತರಲ್ಲಿ ಅವಳು ತವರಿನಿಂದ ತಂದು ಹಚ್ಚಿದ ಗಡ್ಡೆ ಎರಡು ಸಲ ಕೊಳೆತು ಹೋಗಿತ್ತು. ಹಿತ್ತಲದ ಕಪ್ಪು ಎರಿಮಣ್ಣು ಮಳೆಗಾಲದಲ್ಲಿ ನೀರು ಹಿಡಿದರೆ ಬಿಡುವುದಿಲ್ಲ. ಈ ಬೇರಿಗೆ ನಿಂತ ನೀರು ಆಗುವುದಿಲ್ಲ. ಗಂಡ ಉಳವಪ್ಪ ಕಾಳಿನ ಪೇಟೆಯಲ್ಲಿ ಒಂದು ಅಡತಿ ಅಂಗಡಿಯಲ್ಲಿ ತೂಕಕ್ಕೆ ನಿಲ್ಲುವವನು. ಮಾತು ಬಹಳ ಕಡಿಮೆ. ಹೆಂಡತಿ ಕೊಳೆತ ಗಡ್ಡೆ ಹಿಡಿದುಕೊಂಡು ಕೂತದ್ದನ್ನು ನೋಡಿದ್ದ. ಒಂದು ದಿನ, ಶಿರಹಟ್ಟಿ ಕಡೆಯಿಂದ ಶೇಂಗಾ ತಂದ ಟ್ರಾಕ್ಟರಿನವನಿಗೆ ಹೇಳಿ ಮುಂದಿನ ಖೇಪಿಗೆ ನೀರು ಬಸಿದುಹೋಗುವ ಕೆಂಪು ಮಸಾರಿ ಮಣ್ಣು ತರಿಸಿ ಹಿತ್ತಲಿಗೆ ಸುರುವಿಸಿದ.

"ಇದರಾಗ ಹಚ್ಚಿ ನೋಡು" ಎಂದ. ಅಷ್ಟೇ.

ಹಿಂದಿನ ಗೋಡೆಗೆ ಹತ್ತಿಸಿ ಮೊಣಕಾಲೆತ್ತರ ಮಡಿ ಕಟ್ಟಿ ಹಚ್ಚಿದಾಗ ಬಳ್ಳಿ ಹತ್ತಿತು. ಸಬ್ಬಸಿಗೆ ಸೊಪ್ಪಿನಂಥ ನವಿರಾದ ಹಸಿರು ಗೋಡೆಯ ತುಂಬ ಹಬ್ಬಿತು. ನೋಡಲಿಕ್ಕೆ ಮೆತ್ತಗೆ, ಕೈ ಹಾಕಿದರೆ ಒಳಗೆಲ್ಲ ಮುಳ್ಳು. ಹಚ್ಚಿದ ಮೇಲೆ ಮೂರು ಮಳೆಗಾಲ ಬೇರಿಗೆ ಕೈ ಹಚ್ಚುವಂತಿಲ್ಲ ಎಂದು ಅವ್ವ ಹೇಳಿಕೊಟ್ಟಿದ್ದಳು. ಆಮೇಲೂ ಅಗೆಯುವುದು ಒಂದು ಮಗ್ಗುಲಿಂದ ಮಾತ್ರ. ಕುರ್ಪಿಯಿಂದ ಮಣ್ಣು ಸಡಿಲು ಮಾಡಿ, ಕೈ ಒಳಗೆ ಬಿಟ್ಟು, ಬಲಿತ ಬೇರನ್ನು ಬೆರಳಿಂದಲೇ ಗುರುತಿಸಿ ಮುರಿದುಕೊಳ್ಳಬೇಕು; ನಡುವಿನ ಗಡ್ಡೆ ಅಲುಗಾಡಬಾರದು. ತಗ್ಗಿಗೆ ಸಗಣಿಗೊಬ್ಬರ, ಬೂದಿ ತುಂಬಿ ಮುಚ್ಚಬೇಕು. ಬೇಸಿಗೆ ಕಳೆದು ಮಿರಗದ ಮಳೆ ಬಿದ್ದ ಮೇಲೆ ಬುಡದಿಂದ ಹೊಸ ಕುಡಿಗಳು ಏಳುತ್ತವೆ, ಮುಳ್ಳು ಬಲಿಯುವ ಮೊದಲು ಕೆಲವನ್ನು ಮುರಿದು ಪಲ್ಯ ಮಾಡಬಹುದು. ಮಗಳು ಶೈಲಾಗೆ ಚಿಕ್ಕಂದಿನಿಂದ ಆ ಪಲ್ಯ ಅಂದರೆ ಪ್ರಾಣ.

ಬೇರು ಇರುವುದು ಬಾಣಂತಿಯರಿಗೆ. ಸುಲಿದು, ನಡುವಿನ ನಾರು ಎಳೆದು, ನೆರಳಲ್ಲಿ ಒಣಗಿಸಿ ಕುಟ್ಟಿದ ಪುಡಿಯನ್ನು ಹಾಲಲ್ಲಿ ಬೆಲ್ಲ ಹಾಕಿ ಕುದಿಸಿ ಕೊಟ್ಟರೆ ಎದೆಹಾಲು ಚೆನ್ನಾಗಿ ಬರುತ್ತದೆ ಎಂದು ಎಲ್ಲರ ನಂಬಿಕೆ. ಓಣಿಯಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ ಸಾವಿತ್ರೆವ್ವ ಕರೆಯದಿದ್ದರೂ ತಾನೇ ಹೋಗಿ ಬೇರು ಕೊಟ್ಟು ಬರುತ್ತಿದ್ದಳು. ಅದಕ್ಕೆ ಬದಲು ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಅವಳಿಗೆ ಓಣಿಯಲ್ಲಿ ಒಂದು ಮಾನ ಇದ್ದರೆ ಅದು ಆ ಮಡಿಯಿಂದ ಬಂದದ್ದು.

ಶೈಲಾಳನ್ನು ಮುಂಡರಗಿಗೆ ಕೊಟ್ಟಿದ್ದರು. ಅಳಿಯ ವೀರೇಶನದು ಮೋಟರು ಸುತ್ತುವ ಅಂಗಡಿ, ಸುತ್ತಲಿನ ಹಳ್ಳಿಗಳ ಪಂಪ್‌ಸೆಟ್ಟುಗಳೆಲ್ಲ ಅವನ ಬಾಗಿಲಿಗೆ ಬರುತ್ತಿದ್ದವು. ಒಳ್ಳೆಯ ಹುಡುಗ. ಮದುವೆಯಾಗಿ ಎಷ್ಟೋ ವರ್ಷದ ಮೇಲೆ, ಎರಡು ಸಲ ನಿಂತ ಬಸಿರು ಇಳಿದು ಹೋದ ಮೇಲೆ, ಶೈಲಾಗೆ ಈ ಸಲ ಏಳು ತಿಂಗಳು ತುಂಬಿತ್ತು. ಸಂಕ್ರಾಂತಿ ಮುಗಿಸಿ ಉಡಿ ತುಂಬಿ ಕುಬಸ ಮಾಡಿ ಅವಳನ್ನು ತವರಿಗೆ ಕರೆತಂದರು.

ಮಗಳು ಮನೆಗೆ ಬಂದ ವಾರದಲ್ಲೇ ಸಾವಿತ್ರೆವ್ವ ಮಡಿಗೆ ಕುರ್ಪಿ ಹಾಕಿದಳು. ಅಷ್ಟು ದಪ್ಪ ಬೇರು ಅವಳು ಹಿಂದೆ ಕಂಡಿರಲಿಲ್ಲ. ಒಣಗಿಸಿದಳು, ಕುಟ್ಟಿದಳು, ವಸ್ತ್ರಗಾಳಿತ ಮಾಡಿ ಡಬ್ಬಿಗೆ ತುಂಬಿದಳು. ತುಂಬಿಟ್ಟ ಡಬ್ಬಿ ಕಣ್ಣೆದುರೇ ಇದ್ದಾಗ ಕೈ ತಡೆಯಲಿಲ್ಲ. ಒಂದು ದಿನ ಸಂಜೆ ಹಾಲಿಗೆ ಒಂದು ಚಮಚ ಹಾಕಿ ಮಗಳಿಗೆ ಕೊಟ್ಟಳು. ಮರುದಿನವೂ ಕೊಟ್ಟಳು.

ಹಿಂದಿನ ಮನೆಯ ವಿಮಲಾಬಾಯಿ ಗೋಡೆಯ ಆಚೆಯಿಂದ ಮಾತಾಡಿಸಲು ನಿಂತವರು ಅದನ್ನು ನೋಡಿದರು. ತೀರಿಹೋದ ಸಂಸ್ಕೃತ ಮಾಸ್ತರರ ಹೆಂಡತಿ ಅವರು. ಎರಡೂ ಮನೆಗಳ ನಡುವೆ ಅದೊಂದೇ ಗೋಡೆ. ಸಾವಿತ್ರೆವ್ವ ಸೊಸೆಯಾಗಿ ಬಂದ ದಿನದಿಂದ ಇಬ್ಬರೂ ಆ ಗೋಡೆಗೆ ಒರಗಿ ಮಾತಾಡಿದವರು.

"ಅಲ್ಲ ಸಾವಿತ್ರೆವ್ವಾ, ಇದು ಹಡದ ಮ್ಯಾಲೆ ಕೊಡೋದಲ್ಲೇನ್ರಿ? ಈಗಿಂದನ ಯಾಕ?"

"ಶಕ್ತಿ ಬರ್ತೈತಿ ಬಿಡ್ರಿ ಬಾಯಾರ. ಹೆಂಗ ಸೊರಗ್ಯಾಳ ನೋಡ್ರಿ. ಮನಿದು, ಮಂದಿದಲ್ಲ."

"ಡಾಕ್ಟರಿಗೊಂದ ಮಾತು ಕೇಳಿದ್ರ ಛಲೋ ಇತ್ತು."

"ನಮ್ಮವ್ವ ಯಾವ ಡಾಕ್ಟರಿಗೆ ಕೇಳಿ ನಮ್ಮನ್ನ ಹಡದಾಳ್ರೀ?" ಎಂದು ಸಾವಿತ್ರೆವ್ವ ನಕ್ಕಳು. ಶೈಲಾ ಕೂಡ ನಕ್ಕು ಲೋಟ ಖಾಲಿ ಮಾಡಿದಳು.

ಹೋಳಿ ಹುಣ್ಣಿಮೆಯ ಮರುದಿನ ಬೆಳಿಗ್ಗೆ ಶೈಲಾ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಳು. "ಯವ್ವಾ, ನಿನ್ನೆಯಿಂದ ಕೂಸು ಹೊರಳವಲ್ದು" ಎಂದಳು. ಅವಳ ದನಿಯಲ್ಲಿ ಹೆದರಿಕೆಗಿಂತ ನಾಚಿಕೆಯೇ ಹೆಚ್ಚಿತ್ತು, ತಾನೇ ಏನೋ ಕಳೆದುಕೊಂಡು ಬಂದವಳ ಹಾಗೆ.

ಗದಗಿಗೆ ಕಾರು ಮಾಡಿಕೊಂಡು ಹೋದರು. ಮುಂಡರಗಿಯಿಂದ ವೀರೇಶ ಅಲ್ಲಿಗೇ ಬಂದ. ಒಳಗೆ ಕರೆದುಕೊಂಡು ಹೋಗಿ ನೋಡಿದ ಡಾಕ್ಟರಮ್ಮ ಹೊರಗೆ ಬಂದಾಗ ಅವರ ಮುಖದಲ್ಲೇ ಎಲ್ಲ ಇತ್ತು. ಮುಗಿದು ಹೋಗಿದ್ದ ಕೂಸನ್ನು ಶೈಲಾ ಹಡೆಯಬೇಕಿತ್ತು. ನೋವು ಬರಿಸಲು ಔಷಧ ಕೊಟ್ಟರು. ಎಲ್ಲ ಹೆರಿಗೆಯ ಹಾಗೇ ನೋವು, ಎಲ್ಲ ಹೆರಿಗೆಯ ಹಾಗೇ ಬೆವರು. ಪಕ್ಕದ ಕೋಣೆಗಳಲ್ಲಿ ಕೂಸುಗಳು ಅಳುತ್ತಿದ್ದವು. ಹೆಣ್ಣುಕೂಸು. ನರ್ಸು ಬಟ್ಟೆಯಲ್ಲಿ ಸುತ್ತಿ ತಂದು "ತಾಯಿಗೆ ತೋರಸ್ಲೇನ್ರಿ?" ಎಂದಾಗ ಸಾವಿತ್ರೆವ್ವ ಬಾಗಿಲಲ್ಲಿ ಅಡ್ಡ ನಿಂತು "ಬ್ಯಾಡ್ರಿ, ಬ್ಯಾಡ" ಎಂದಳು. ತಾನೂ ನೋಡಲಿಲ್ಲ. ಉಳವಪ್ಪ ಎರಡೂ ಕೈ ಚಾಚಿ ಇಸಿದುಕೊಂಡ. ಅವನೂ ವೀರೇಶನೂ ಊರಿಗೆ ತಂದು ಮಣ್ಣು ಮಾಡಿದರು.

ಶೈಲಾ ಮನೆಗೆ ಬಂದ ಮೇಲೆ ಹಾಲು ಬಂತು.

ಯಾರೂ ಅದನ್ನು ನೆನೆದಿರಲಿಲ್ಲ. ಬೆಳಿಗ್ಗೆ ಸಾವಿತ್ರೆವ್ವ ಚಹಾ ಒಯ್ದಾಗ ಮಗಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು, ಕುಪ್ಪಸ ತೊಯ್ದು ಹಾಸಿಗೆಗೆಲ್ಲ ಹತ್ತಿತ್ತು. ಎದೆ ಕಲ್ಲಾಗಿ ಮೈ ಸುಡುತ್ತಿತ್ತು. "ಏನ್ ಮಾಡ್ಲಿಬೇ ಇದನ್ನ?" ಎಂದಳು. ಆಸ್ಪತ್ರೆಯವರು ಕೊಟ್ಟ ಗುಳಿಗೆ ಇದ್ದವು, ಕೊಟ್ಟರು, ಆದರೂ ಎರಡು ದಿನ ಹಾಗೇ ಇತ್ತು.

ವಿಮಲಾಬಾಯಿ ಸಂಜೆ ಬಂದರು. ಬಾಳೆಎಲೆಯಲ್ಲಿ ಒದ್ದೆ ಬಟ್ಟೆ ಸುತ್ತಿದ ಪುಡಿಕೆ ಕೈಯಲ್ಲಿತ್ತು.

"ಹಡಗಲಿ ಮಲ್ಲಿಗಿ ತರಸೀನಿ. ಎದಿಗೆ ಕಟ್ಟಿದ್ರ ಹಾಲು ಬತ್ತತಾವ. ನನ್ನ ತಂಗಿಗೂ ಹಿಂಗಾದಾಗ ಇದನ್ನ ಕಟ್ಟಿದ್ರು. ಹಳೇ ಧೋತರ ಇದ್ರ ಕೊಡ್ರಿ."

ಅವರೇ ಶೈಲಾಳ ಪಕ್ಕ ಕೂತು ಮೊಗ್ಗನ್ನು ಹರಡಿ ಧೋತರದ ಪಟ್ಟಿಯಿಂದ ಬಿಗಿದು ಕಟ್ಟಿದರು. ಕಟ್ಟುವಾಗ ಸುಮ್ಮನೆ ಏನೇನೋ ಹೇಳಿ ಸಮಾಧಾನ ಮಾಡಲಿಲ್ಲ. ದಿನಾ ಬಂದು ಬಾಡಿದ ಹೂವು ತೆಗೆದು ಹೊಸದು ಕಟ್ಟಿ ಹೋದರು. ಮನೆಯೆಲ್ಲ ಮದುವೆ ಮನೆಯ ವಾಸನೆ. ಸಾವಿತ್ರೆವ್ವನಿಗೆ ಆ ಕೋಣೆಯಲ್ಲಿ ಕೂಡಲಾಗುತ್ತಿರಲಿಲ್ಲ. ಏನೋ ಕೆಲಸವೆಂದು ಹಿತ್ತಲಿಗೆ ಹೋಗುವಳು, ಅಲ್ಲಿ ಬಳ್ಳಿ ಕಾಣುವುದು, ತಿರುಗಿ ಒಳಗೆ ಬರುವಳು.

ಏಕೆಂದರೆ ಅವಳ ತಲೆಯಲ್ಲಿ ಒಂದೇ ಮಾತು ಕೂತಿತ್ತು. ಹಡೆಯುವ ಮೊದಲು ಕೊಡುವಂಥದಲ್ಲ ಅದು. ಅವ್ವ ಕೊಟ್ಟದ್ದಿಲ್ಲ, ತಾನು ಯಾರಿಗೂ ಕೊಟ್ಟದ್ದಿಲ್ಲ. ಮಗಳಿಗೆ ಮಾತ್ರ ಕೊಟ್ಟೆ. ಡಬ್ಬಿಯಲ್ಲಿ ಉಳಿದಿದ್ದ ಪುಡಿಯನ್ನು ಒಂದು ಮಧ್ಯಾಹ್ನ ಯಾರೂ ನೋಡದಾಗ ತಿಪ್ಪೆಗೆ ಸುರುವಿ ಮೇಲೆ ಕಸ ಎಳೆದಳು. ಮಡಿಗೆ ನೀರು ಹಾಕುವುದನ್ನು ಬಿಟ್ಟಳು. ಬಿಸಿಲಿಗೆ ಸಾಯಲಿ ಎಂದುಕೊಂಡಳು. ಆದರೆ ಆ ಬೇರು ಹೊಟ್ಟೆಯಲ್ಲಿ ನೀರಿಟ್ಟುಕೊಳ್ಳುವಂಥದು. ಊರೆಲ್ಲ ಬೇವಿನ ಗಿಡ ಬಿಟ್ಟು ಉಳಿದದ್ದು ಒಣಗಿ ನಿಂತಾಗಲೂ ಗೋಡೆಯ ಮೇಲೆ ಅದೊಂದು ಹಸಿರಾಗಿಯೇ ಇತ್ತು.

ವೀರೇಶ ರವಿವಾರಕ್ಕೊಮ್ಮೆ ಬರುತ್ತಿದ್ದ. ಹೆಂಡತಿಯ ಹತ್ತಿರ ಕೂತು ಉಗುರಿನ ಸಂದಿಯ ಕಪ್ಪು ಕೆರೆಯುತ್ತಿದ್ದ. ಒಂದು ಸಲ ಹೋಗುವಾಗ ಅತ್ತೆಗೆ "ಆಕಿ ಊಟ ಮಾಡ್ತಾಳೇನ್ರಿ?" ಎಂದು ಕೇಳಿದ. "ಮಾಡ್ತಾಳಪ್ಪಾ" ಎಂದಳು. ಅದು ಖರೆಯಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಯುಗಾದಿ ಮುಗಿದ ವಾರಕ್ಕೆ ವಿಮಲಾಬಾಯಿಯ ಸೊಸೆ ಸಮೀಕ್ಷಾ ಹಡೆದಳು. ಅವಳಿಗೆ ತವರಿನಲ್ಲಿ ತಾಯಿ ಇರಲಿಲ್ಲ, ಬಾಣಂತನ ಅತ್ತೆಯದೇ. ಗಂಡುಕೂಸು. ವಿಮಲಾಬಾಯಿ ತಾವು ಬಂದು ಹೇಳಲಿಲ್ಲ, ಓಣಿಯ ಬೇರೆ ಯಾರದೋ ಬಾಯಲ್ಲಿ ಸುದ್ದಿ ಬಂತು. ಹೇಳಲಿಕ್ಕೆ ಅವರಿಗೆ ಮನಸ್ಸಾಗಿರಲಿಕ್ಕಿಲ್ಲ. ಕೂಸಿನ ಅಳು ಮಾತ್ರ ಗೋಡೆ ದಾಟಿ ಬರುತ್ತಿತ್ತು. ಮೊದಲ ದಿನ ಅಳು ಕೇಳಿದಾಗ ಶೈಲಾ ಎದ್ದು ಕಿಟಕಿ ಮುಚ್ಚಿದಳು. ಆ ಹೊತ್ತಿಗೆ ಬತ್ತಿಹೋಗಿದ್ದ ಎದೆ ಮತ್ತೆ ಒಸರಿತೆಂದು ತಾಯಿಗೆ ಹೇಳಲಿಲ್ಲ, ಒಗೆಯಲು ಹಾಕಿದ ಕುಪ್ಪಸ ನೋಡಿ ಸಾವಿತ್ರೆವ್ವನಿಗೇ ತಿಳಿಯಿತು.

ಆ ಅಳು ನಿಲ್ಲುತ್ತಲೇ ಇರಲಿಲ್ಲ. ಹಸಿದ ಕೂಸಿನ ಅಳು ಹೇಗಿರುತ್ತದೆಂದು ಸಾವಿತ್ರೆವ್ವನಿಗೆ ಗೊತ್ತು.

ಕಡೆಗೊಂದು ಇಳಿಹೊತ್ತು ವಿಮಲಾಬಾಯಿ ಮುಂದಿನ ಬಾಗಿಲಿಗೆ ಬಂದರು. ಗೋಡೆಯ ಹತ್ತಿರ ಬರದೆ ಸುತ್ತು ಹಾಕಿಕೊಂಡು ಮುಂದಿನ ಬಾಗಿಲಿಗೆ ಬಂದಾಗಲೇ ಸಾವಿತ್ರೆವ್ವನಿಗೆ ಬಂದ ಕಾರಣ ತಿಳಿಯಿತು.

"ಒಳಗ ಬರ್ರಿ."

"ಇಲ್ಲೇ ಆತು ಬಿಡ್ರಿ." ಅವರು ಹೊಸ್ತಿಲ ಹೊರಗೇ ನಿಂತು ಸೆರಗಿನ ತುದಿ ಹಿಡಿದುಕೊಂಡರು. "ನಾ ಕೇಳಬಾರದು, ಗೊತ್ತದ ನನಗ. ಈ ಹೊತ್ತಿನ್ಯಾಗ ನಿಮ್ಮನ್ನ ಕೇಳಬಾರದು. ಆದ್ರ ನಮ್ಮ ಸಮೀಕ್ಷಾಗ ಹಾಲು ಹತ್ತವಲ್ಲವು. ಹುಡುಗಿ ಅತ್ತು ಅತ್ತು ಸಾಕಾಗ್ಯಾಳ. ಒಂದು ನಾಕು ಬೇರು ಕೊಟ್ಟಿದ್ರ..."

ಸಾವಿತ್ರೆವ್ವ ಬಾಗಿಲ ಚೌಕಟ್ಟು ಹಿಡಿದಳು. ಅವಳ ನಾಲಿಗೆಯ ಮೇಲೆ ಬಂದದ್ದು ಒಂದು, ಬಾಯಿಂದ ಹೊರಬಿದ್ದದ್ದು ಇನ್ನೊಂದು.

"ಬಳ್ಳಿ ಒಣಗಿ ಹೋತ್ರಿ ಬಾಯಾರ. ಬೇರೆಲ್ಲಾ ಕೊಳತಾವು."

ವಿಮಲಾಬಾಯಿಯ ಮಾಳಿಗೆಯ ಮೇಲೆ ನಿಂತರೆ ಸಾವಿತ್ರೆವ್ವನ ಹಿತ್ತಲು ಅಂಗೈಯಲ್ಲಿದ್ದಷ್ಟು ಸ್ಪಷ್ಟ ಕಾಣುತ್ತದೆ. ಅಂದು ಬೆಳಿಗ್ಗೆಯೂ ಅವರು ಅಲ್ಲಿ ಕೂಸಿನ ಬಟ್ಟೆ ಒಣಹಾಕಿದ್ದರು. ಅವರು ಸ್ವಲ್ಪ ಹೊತ್ತು ಸಾವಿತ್ರೆವ್ವನ ಮುಖವನ್ನೇ ನೋಡಿದರು.

"ಹೌದೇನ್ರಿ. ಈ ಸಲ ಬಿಸಿಲು ಭಾಳ ಅದ" ಎಂದರು. ಮೆಟ್ಟಿಲು ಇಳಿದು ಹೋದರು.

ಸಾವಿತ್ರೆವ್ವ ತಿರುಗಿದಾಗ ಶೈಲಾ ನಡುಮನೆಯಲ್ಲಿ ನಿಂತಿದ್ದಳು.

"ಯಾಕ ಸುಳ್ಳ ಹೇಳಿದಿ?"

"ನಿನಗ್ಯಾಕ ಬೇಕು? ಮಲಕೋ ಹೋಗು."

"ನನಗ ಮಲ್ಲಿಗಿ ಕಟ್ಟಿದ ಕೈ ಅದು. ಆ ಕೈಗೆ ಇಲ್ಲ ಅಂದಿ." ಶೈಲಾಳ ದನಿ ಏರಲಿಲ್ಲ. "ನನಗ ಇಲ್ಲಾತು ಅಂತ ಮಂದಿ ಕೂಸು ಉಪಾಸ ಇರಬೇಕೇನು? ನನ್ನ ಸಲುವಾಗಿ ಮಾಡಿದಿ ಅಂತ ಮಾತ್ರ ಹೇಳಬ್ಯಾಡ."

ಸಾವಿತ್ರೆವ್ವ ಬಾಗಿಲಿನ ಚಿಲಕ ಹಾಕಿದಳು. ಮಗಳು ಅಂದದ್ದರಲ್ಲಿ ಖರೆ ಇಲ್ಲವೆಂದು ಅವಳಿಗೇ ಖಾತ್ರಿ ಇರಲಿಲ್ಲ. ಬೇರು ಕೊಟ್ಟರೆ ಆ ಕೂಸಿಗೂ ಏನಾದರೂ ಆದೀತೆಂಬ ಹೆದರಿಕೆ ಇತ್ತು, ಅದು ಖರೆ. ಆದರೆ ವಿಮಲಾಬಾಯಿ "ನಮ್ಮ ಸಮೀಕ್ಷಾ" ಅಂದಾಗ ಎದೆಯಲ್ಲಿ ಎದ್ದದ್ದು ಬರೀ ಹೆದರಿಕೆ ಆಗಿರಲಿಲ್ಲ.

ಮರುದಿನ ಊಟದ ಹೊತ್ತಿಗೆ ಮೊದಲು, ಸಾವಿತ್ರೆವ್ವ ರೊಟ್ಟಿ ಬಡಿಯುತ್ತಿದ್ದಾಗ ಹಿತ್ತಲಲ್ಲಿ ಮಣ್ಣು ಕೆದರುವ ಸಪ್ಪಳ ಕೇಳಿತು. ಹೋಗಿ ನೋಡಿದರೆ ಶೈಲಾ ಮಡಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಕುರ್ಪಿಯಿಂದ ಬುಡ ಅಗೆಯುತ್ತಿದ್ದಳು. ಹಸಿ ಬಾಣಂತಿಯ ಮೈ, ತಲೆಗೆ ಬಟ್ಟೆಯೂ ಇಲ್ಲ. ಮುಳ್ಳಿಗೆ ಎರಡೂ ಮುಂಗೈ ಗೀರಿ ನೆತ್ತರ ಬಂದಿತ್ತು. ಅಗೆಯುವ ರೀತಿ ಗೊತ್ತಿದ್ದವಳೇ, ಆದರೆ ಅಂದು ರೀತಿ ನೋಡುತ್ತಿರಲಿಲ್ಲ. ನಡುಗಡ್ಡೆಗೇ ಕುರ್ಪಿ ಹಾಕುತ್ತಿದ್ದಳು.

ಸಾವಿತ್ರೆವ್ವ ಹಿಟ್ಟಿನ ಕೈಯಿಂದಲೇ ಓಡಿಹೋಗಿ ಕುರ್ಪಿ ಹಿಡಿದಳು.

"ಬಿಡು."

"ನೀ ಕೊಡಾಂಗಿಲ್ಲಲ್ಲ, ನಾ ಕೊಟ್ಟು ಬರ್ತೀನಿ."

"ಬಿಡು ಶೈಲಾ, ಬ್ಯಾಡ. ಅದು ವಿಷ ಐತಿ."

ಶೈಲಾ ಕೈ ನಿಲ್ಲಿಸಿ ನೋಡಿದಳು.

"ಹಡೆಯೂಕಿಂತ ಮೊದಲ ಕೊಡಬಾರದಿತ್ತು ಅದನ್ನ. ನಮ್ಮವ್ವ ಎಂದೂ ಕೊಟ್ಟಿಲ್ಲ. ನಾ ಆಸೇಕ ಬಿದ್ದು ನಿನಗ ಕುಡಿಸಿದೆ. ದಿನಾ ಕುಡಿಸಿದೆ. ನನ್ನ ಕೈಯಿಂದನ ಆತು ಅದು." ಸಾವಿತ್ರೆವ್ವ ಕುರ್ಪಿ ಬಿಟ್ಟು ಮಣ್ಣಲ್ಲಿ ಕೂತುಬಿಟ್ಟಳು. "ಬಾಯಾರ ಸೊಸಿಗೆ ಹೆಂಗ ಕೊಡ್ಲಿ ಹೇಳು."

ಶೈಲಾ ಮುಂಗೈಯ ನೆತ್ತರನ್ನು ಸೆರಗಿಗೆ ಒರೆಸಿಕೊಂಡಳು. ಆಚೆ ಮನೆಯಲ್ಲಿ ಕೂಸು ಅಳುತ್ತಿತ್ತು.

"ಡಾಕ್ಟರಿಗೆ ಕೇಳಿದೇನು?"

"ಇಲ್ಲ."

"ಯಾಕ ಕೇಳಲಿಲ್ಲ?"

"ಹೌದು ಅಂದಿದ್ರ ನಾ ಏನ್ ಮಾಡ್ತಿದ್ದೆ?"

"ನಾ ಡಂಬಳದ ಮಟ ಗಾಡಿ ಮ್ಯಾಲೆ ಕುಂತು ಹೋಗಿದ್ದೆ" ಎಂದಳು ಶೈಲಾ. "ಇಲ್ಲಿಗೆ ಬರೂ ಮೊದಲ. ಅವ್ರು ಮೋಟರ ನೋಡಾಕ ಹೊಂಟಿದ್ರು, ಕೆರಿ ನೋಡಿಕೊಂಡ ಬರೋಣಂತ ನಾನ ಗಂಟ ಬಿದ್ದೆ. ರಸ್ತೆ ಕೆಟ್ಟಿತ್ತು. ಅದರಿಂದನ ಆತು ಅಂತ ನಾ ದಿನಾ ಸಾಯಾಕತ್ತೀನಿ. ನೀ ಮಗ್ಗಲದಾಗ ಕುಂತು ಇದನ್ನ ಬಚ್ಚಿಟ್ಕೊಂಡಿದ್ದಿ." ಅವಳು ಕುರ್ಪಿಯನ್ನು ಕೆಳಗಿಟ್ಟಳು. "ಕೂಸಿನ ಮಾರಿ ಸುದ್ದಾ ನೋಡಗೊಡಲಿಲ್ಲ ನೀ ನನಗ."

ಉಳವಪ್ಪ ಊಟಕ್ಕೆ ಬಂದವನು ಹಿತ್ತಲ ಬಾಗಿಲಲ್ಲಿ ನಿಂತಿದ್ದ. ಯಾವಾಗ ಬಂದಿದ್ದನೋ. ತಲೆಯ ಮೇಲಿನ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದಿದ್ದ.

"ಬೇರಿನಿಂದಲ್ಲ" ಎಂದ. "ಗಾಡಿಯಿಂದನೂ ಅಲ್ಲ."

ಇಬ್ಬರೂ ತಿರುಗಿ ನೋಡಿದರು.

"ಹೊಕ್ಕಳಬಳ್ಳಿ ಗಂಟು ಬಿದ್ದಿತ್ತು. ಗಟ್ಟಿ ಗಂಟು. ಅವತ್ತ ಡಾಕ್ಟರಮ್ಮ ನನಗೊಬ್ಬನಿಗೆ ತೋರಿಸಿದ್ರು. ಯಾರದೂ ತಪ್ಪಿಲ್ಲ, ಒಮ್ಮೊಮ್ಮೆ ಹಿಂಗ ಆಗತೈತಿ ಅಂದ್ರು."

ಸಾವಿತ್ರೆವ್ವನಿಗೆ ಅದು ಕಿವಿಗೆ ಬಿದ್ದರೂ ಒಳಗೆ ಇಳಿಯಲು ಹೊತ್ತು ಹಿಡಿಯಿತು. "ಅವತ್ತ ಗೊತ್ತಿತ್ತೇನ್ರಿ ನಿಮಗ?"

"ಹೂಂ."

"ಮತ್ತ ಹೇಳಲಿಲ್ಲ?"

ಉಳವಪ್ಪ ಟೊಪ್ಪಿಗೆಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ. "ಹೇಳಾಕ ಬಾಯಿ ಬರಲಿಲ್ಲ. ಕೇಳ್ತೀರಿ ಅನಕೊಂಡಿದ್ದೆ. ನೀವು ಯಾರೂ ಕೇಳಲಿಲ್ಲ."

ಶೈಲಾ ಎದ್ದು ಮಣ್ಣಿನ ಕೈಯಲ್ಲೇ ಒಳಗೆ ಹೋಗಿ ಕೋಣೆಯ ಬಾಗಿಲು ಹಾಕಿಕೊಂಡಳು. ಅಂದು ಮೂವರೂ ಉಣ್ಣಲಿಲ್ಲ. ಬಡಿದಿದ್ದ ರೊಟ್ಟಿ ಬುಟ್ಟಿಯಲ್ಲೇ ಸೆಟೆದು ಹೋದವು.

ಇಷ್ಟು ದಿನ ಎದೆಯ ಮೇಲೆ ಕೂತಿದ್ದದ್ದು ಇಳಿದು ಹೋಗಬೇಕಿತ್ತು, ಇಳಿಯಲಿಲ್ಲ. ಗಂಟು ಎಂದರೆ ಗಂಟು, ಅದು ತನ್ನ ಕೈಯದಲ್ಲ ಎಂದು ಸಾವಿತ್ರೆವ್ವ ತನಗೇ ಹೇಳಿಕೊಂಡಳು. ಒಂದು ಗಳಿಗೆ ಹೌದೆನ್ನಿಸುವುದು, ಮರುಗಳಿಗೆ ಲೋಟದಲ್ಲಿ ಚಮಚ ತಿರುಗಿಸಿದ ಸಪ್ಪಳ ಕಿವಿಯಲ್ಲಿ ಕೇಳುವುದು. ಆದರೆ ಒಂದು ಮಾತು ಮಾತ್ರ ಖರೆಯಾಗಿ ಉಳಿಯಿತು. ಹಸಿದ ಕೂಸಿನ ಸಲುವಾಗಿ ಬಾಗಿಲಿಗೆ ಬಂದವರಿಗೆ ಬೇರಿಲ್ಲ ಎಂದದ್ದು. ಅದಕ್ಕೆ ಈಗ ಯಾವ ಹೆದರಿಕೆಯ ನೆವವೂ ಇರಲಿಲ್ಲ.

ಎರಡು ದಿನ ಕಳೆದ ಮೇಲೆ, ಮಗಳು ಅಗೆದಿಟ್ಟ ತಗ್ಗಿನಲ್ಲಿ ಕೈ ಬಿಟ್ಟು ಬಲಿತ ಬೇರುಗಳನ್ನು ಮುರಿದುಕೊಂಡಳು. ನಡುಗಡ್ಡೆಗೆ ಎರಡು ಕಡೆ ಕುರ್ಪಿಯ ಗಾಯ ಆಗಿತ್ತು, ಬೂದಿ ಹಚ್ಚಿ ಮುಚ್ಚಿದಳು. ಬೇರು ತೊಳೆದು, ಸಿಪ್ಪೆ ಸುಲಿದು, ನಾರು ಎಳೆದು, ಬೆಳ್ಳಗೆ ಮಾಡಿ ಬುಟ್ಟಿಯಲ್ಲಿಟ್ಟುಕೊಂಡು ವಿಮಲಾಬಾಯಿಯ ಮನೆಗೆ ಹೋದಳು.

ವಿಮಲಾಬಾಯಿ ಬಾಗಿಲು ತೆರೆದರು. ಬುಟ್ಟಿ ನೋಡಿದರು. ಅವರ ಮುಖದಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು.

"ನಾ ಅವತ್ತ ಸುಳ್ಳ ಹೇಳಿದೆನ್ರಿ" ಎಂದಳು ಸಾವಿತ್ರೆವ್ವ.

"ಅದೆಲ್ಲ ಈಗ್ಯಾಕ. ಇರ್ಲಿ ಬಿಡ್ರಿ."

"ನನಗ ಹೆದರಿಕಿ ಆಗಿತ್ತು. ಬೇರಿನಿಂದನ ಶೈಲಾಗ ಹಂಗಾತು ಅನಕೊಂಡಿದ್ದೆ."

"ಹಂಗಂತ ಅವತ್ತ ಹೇಳಿದ್ರ ನಾ ತಿಳಕೊಳ್ತಿರಲಿಲ್ಲೇನು ಸಾವಿತ್ರೆವ್ವ?" ವಿಮಲಾಬಾಯಿ ಒಂದು ಕ್ಷಣ ತಡೆದರು. "ನಾ ಏನು ಹೊರಗಿನಾಕಿನೇನು ನಿಮಗ?"

ಸಾವಿತ್ರೆವ್ವ ಬುಟ್ಟಿಯನ್ನು ಮುಂದೆ ಚಾಚಿದಳು.

"ಡಬ್ಬಿ ಹಾಲು ಚಾಲೂ ಮಾಡೀವಿ. ಡಾಕ್ಟರನ ಹೇಳಿದ್ರು. ಕೂಸು ಅದಕ್ಕ ಹೊಂದ್ಯದ, ನಿನ್ನೆಯಿಂದ ಛಲೋ ನಿದ್ದಿ ಮಾಡ್ಲಿಕ್ಕೆ ಹತ್ಯದ." ಅವರು ಬುಟ್ಟಿಯನ್ನು ಇಸಿದುಕೊಂಡು ಒಳಗಿಟ್ಟರು. ಬುಟ್ಟಿ ಖಾಲಿ ಮಾಡಿ ತಿರುಗಿ ಕೊಡುವಾಗ ಅದರಲ್ಲಿ ಒಂದು ಚಿಟಿಕೆ ಸಕ್ಕರೆ ಹಾಕಿದ್ದರು, ಖಾಲಿ ಬುಟ್ಟಿ ಕೊಡಬಾರದೆಂದು. ಒಳಗೆ ಸಮೀಕ್ಷಾ ಕೂಸಿಗೆ ಏನೋ ಗುನುಗುತ್ತಿದ್ದಳು. ಬರ್ರಿ, ಕೂಸು ನೋಡಿ ಹೋಗ್ರಿ ಎಂಬ ಮಾತು ಬರಲಿಲ್ಲ. ಸಾವಿತ್ರೆವ್ವ ಇನ್ನೂ ಸ್ವಲ್ಪ ಹೊತ್ತು ನಿಂತು ನೋಡಿ ಮನೆಗೆ ಬಂದಳು.

ಬಾಣಂತನದ ದಿನ ತುಂಬುವ ಮೊದಲೇ ಶೈಲಾ ವೀರೇಶನಿಗೆ ಫೋನು ಮಾಡಿ ಕರೆಸಿಕೊಂಡಳು. ಅರಿವೆ ಚೀಲಕ್ಕೆ ತುಂಬುವಾಗ ಸಾವಿತ್ರೆವ್ವ ಬಾಗಿಲಲ್ಲಿ ನಿಂತಳು.

"ಇನ್ನೊಂದೆಂಟು ದಿನ ಇರು. ಮೈಯಾಗ ಶಕ್ತಿ ಇಲ್ಲ."

"ಅಲ್ಲೂ ಮನಿ ಐತಿ, ಮಂಚ ಐತಿ."

"ನನ್ನ ಮ್ಯಾಲೆ ಸಿಟ್ಟಿದ್ರ ಬೈದುಬಿಡು ಒಮ್ಮೆ."

"ಸಿಟ್ಟಿಲ್ಲಬೇ" ಎಂದಳು ಶೈಲಾ. ಮಡಿಚಿದ ಸೀರೆಯನ್ನು ಮತ್ತೆ ಬಿಚ್ಚಿ ಮಡಿಚಿದಳು. "ಇಲ್ಲಿ ಇದ್ರ ನಿನ್ನ ದುಃಖಾನೂ ನಾನ ನೋಡ್ಕೋಬೇಕು. ನನಗ ನನ್ನದ ಹೊರಾಕ ಆಗವಲ್ದು."

ಬೈಕು ಬೇಡವೆಂದು ವೀರೇಶ ಪರಿಚಯದವರ ಕಾರು ತಂದಿದ್ದ. ಉಳವಪ್ಪ ಚೀಲ ಇಟ್ಟು ಬಾಗಿಲು ಹಾಕಿದ. ಕಾರು ಶಿರಹಟ್ಟಿ ರಸ್ತೆಗೆ ಹೊರಳುವವರೆಗೆ ನಿಂತಿದ್ದು, ಅಲ್ಲಿಂದಲೇ ಅಂಗಡಿಗೆ ಹೋದ.

ಬಿಸಿಲು ಮುಗಿದು ಮಿರಗ ಬಂತು. ಮಳೆ ಬಿದ್ದ ಮೇಲೆ ಗಾಯಗೊಂಡ ಬುಡದ ಒಂದು ಮಗ್ಗುಲು ಕೊಳೆಯಿತು, ಇನ್ನೊಂದು ಮಗ್ಗುಲಿಂದ ಕೆಲವು ಕುಡಿ ಎದ್ದವು. ಸಾವಿತ್ರೆವ್ವ ಮುರಿಯಲಿಲ್ಲ. ಅವು ಉದ್ದವಾಗಿ, ಮುಳ್ಳು ಬಲಿತು, ಗೋಡೆ ಹಿಡಿದವು. ಗೋಡೆಗೆ ಒರಗಿ ಮಾತಾಡುವುದು ನಿಂತೇ ಹೋಗಿತ್ತು. ಎದುರಿಗೆ ಸಿಕ್ಕರೆ ವಿಮಲಾಬಾಯಿ "ಆರಾಮ ಇದ್ದೀರೇನ್ರಿ?" ಎನ್ನುತ್ತಿದ್ದರು, ಎಲ್ಲರಿಗೂ ಅನ್ನುವ ಹಾಗೆ.

ಅವರ ಮನೆಯಲ್ಲಿ ಸೂತಕ ಬಂದು ಮುಂದಕ್ಕೆ ಹೋಗಿದ್ದ ತೊಟ್ಟಿಲ ಕಾರ್ಯ ಆ ತಿಂಗಳಲ್ಲಿ ಇಟ್ಟುಕೊಂಡರು. ಮಗ ಗುರುರಾಜ ಬಂದು ಓಣಿಯ ಎಲ್ಲ ಮನೆಗೂ ಹೇಳಿದ ಹಾಗೆ ಇವರ ಮನೆಗೂ ಹೇಳಿ ಹೋದ. ಸಾವಿತ್ರೆವ್ವ ಸೀರೆ ಉಟ್ಟು ತಯಾರಾದಳು, ಮತ್ತೆ ಕೂತಳು. ಅಲ್ಲಿ ಹೆಂಗಸರು ತನ್ನನ್ನು ಕಂಡ ಕೂಡಲೇ ದನಿ ತಗ್ಗಿಸುವುದು ಅವಳಿಗೆ ಕೂತಲ್ಲೇ ಕಂಡಿತು. ಉಳವಪ್ಪ ಅಂಗಡಿಯಿಂದ ಬಂದಾಗ ದೀಪ ಹಚ್ಚಿರಲಿಲ್ಲ. ಗೋಡೆಯಾಚೆ ತೊಟ್ಟಿಲ ಹಾಡು ನಡೆದಿತ್ತು.

ಅವನು ಅವಳ ಎದುರಿಗೆ ಕೂತ. ಆಚೆ ಹಾಡು ಮುಗಿಯಿತು.

"ಯಾರಂಗಿತ್ತು?" ಎಂದು ಸಾವಿತ್ರೆವ್ವ ಕೇಳಿದಳು.

ಏನೆಂದು ಅವನು ಕೇಳಲಿಲ್ಲ. "ಶೈಲಾನಂಗ" ಎಂದ. "ಮೂಗು ಮಾತ್ರ ವೀರೇಶಂದು. ತಲಿ ತುಂಬ ಕೂದಲಿದ್ವು, ಹಿಂದ ಕುತ್ತಿಗಿ ಮಟ. ಬಲಗಿವಿ ಒಂಚೂರು ಮಡಚಿತ್ತು, ನಿದ್ದಿಗಣ್ಣಾಗ ಒತ್ತಿದಂಗ. ನಾ ಅದನ್ನ ಬೆರಳಿಲೆ ನೆಟ್ಟಗ ಮಾಡಿದೆ. ಮತ್ತ ಮಡಚಿತು."

ಇಷ್ಟು ಮಾತು ಅವನು ಒಮ್ಮೆಗೇ ಆಡಿದ್ದನ್ನು ಅವಳು ಕೇಳಿರಲಿಲ್ಲ. ಸೆರಗನ್ನು ಬಾಯಿಗೆ ಒತ್ತಿ ಹಿಡಿದಳು. ಆಮೇಲೆ, "ಇದನ್ನ ಶೈಲಾಗ ಹೇಳ್ರಿ" ಎಂದಳು.

"ನೀನ ಹೇಳು."

"ನಾ ನೋಡಿಲ್ಲ. ನೋಡಬೇಕಾದಾಕಿಗೂ ನೋಡಗೊಡಲಿಲ್ಲ. ನೀವು ನೋಡೀರಿ, ನೀವ ಹೇಳ್ರಿ."

ಉಳವಪ್ಪ ಫೋನು ತೆಗೆದುಕೊಂಡು ಕಟ್ಟೆಗೆ ಹೋದ. ಊಟ ಆತೇನವ್ವಾ, ಮಳಿ ಆತೇನಲ್ಲಿ ಎಂದು ಕೇಳುವುದು ಒಳಗೆ ಕೇಳಿಸಿತು. ಆಮೇಲೆ ದನಿ ತಗ್ಗಿತು. ಒಂದೊಂದೇ ಮಾತು, ನಡುನಡುವೆ ಸುಮ್ಮನಿರುವುದು. ಅವನು ಒಳಗೆ ಬಂದಾಗ ಅವನ ಕಣ್ಣು ಕೆಂಪಾಗಿದ್ದವು.

"ಏನಂದಳು?"

"ಏನೂ ಅನಲಿಲ್ಲ. ಕೇಳಿಕೊಂಡಳು, ಇಟ್ಟಳು."

ಮರುದಿನ ಮಧ್ಯಾಹ್ನ ಶೈಲಾ ಅಪ್ಪನಿಗೆ ಅಂಗಡಿಯಲ್ಲಿದ್ದಾಗ ಫೋನು ಮಾಡಿದಳಂತೆ. ಕಿವಿಯ ಸುದ್ದಿ ಇನ್ನೊಮ್ಮೆ ಹೇಳೆಂದಳಂತೆ. ಅವನು ಕಾಳಿನ ಚೀಲಗಳ ಸಂದಿಗೆ ಹೋಗಿ ನಿಂತು ಹೇಳಿದನಂತೆ. ಅದಾದ ಮೇಲೆ ಎರಡು ಮೂರು ದಿನಕ್ಕೊಮ್ಮೆ ಅವಳು ಅಪ್ಪನಿಗೆ ಮಾಡುತ್ತಾಳೆ, ಅಂಗಡಿಯ ಹೊತ್ತಿನಲ್ಲೇ. ಮನೆಗೆ ಬಂದು ಅವನು ಹೇಳಿದಷ್ಟು ಹೇಳುತ್ತಾನೆ. ಸಾವಿತ್ರೆವ್ವ ಊಟಕ್ಕೆ ಬಡಿಸುತ್ತ ಕೇಳುತ್ತಾಳೆ, ನನ್ನ ಕೇಳಿದಳೇನು ಎಂದು ಮಾತ್ರ ಕೇಳುವುದಿಲ್ಲ.